ಮುರಕಲ್ಲಿನೊಳಗಣ ಲೆಕ್ಕ



ನೆಕ್ರಾಜೆಯಲ್ಲಿ ಕಲ್ಲಿನ ವಿಷಯ ಮಾತನಾಡಲು ದೀರ್ಘ ಪೀಠಿಕೆ ಬೇಡ. ನಮ್ಮ ಮನೆಯ ಗೋಡೆ, ಬಾವಿಯ ಕಟ್ಟೆ, ತೋಟದ ಅಗರು ಎಲ್ಲವೂ ಮುರಕಲ್ಲಿನವು. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಸಿದನು. ಲ್ಯಾಟಿನ್ನಿನ ‘ಲೇಟರ್’ ಎಂದರೆ ಇಟ್ಟಿಗೆ. ಕಡಿಯುವಾಗ ಮೆದುವಾಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವ ಇದರ ಗುಣವನ್ನು ನಮ್ಮ ಕಲ್ಲು ಕಡಿಯುವವರು ಅವನಿಗಿಂತ ಬಹಳ ಮೊದಲೇ ಬಲ್ಲರು.

ಮೂಲ ಶಿಲೆಯಲ್ಲಿದ್ದ ಸುಣ್ಣ, ಸೋಡಿಯಂ, ಪೊಟ್ಯಾಸಿಯಂ ಮತ್ತು ಬಹುಪಾಲು ಸಿಲಿಕಾವನ್ನು ಲಕ್ಷಾಂತರ ವರ್ಷಗಳ ಮಳೆ ತೊಳೆದೊಯ್ದಿತು. ಕಬ್ಬಿಣ, ಅಲ್ಯೂಮಿನಿಯಂಗಳು ಉಳಿದವು. ಅಲ್ಯೂಮಿನಿಯಂ ಹೆಚ್ಚಿದ ಕಡೆ ಬಾಕ್ಸೈಟ್ ಆಯಿತು. ನಮ್ಮ ಜಿಲ್ಲೆಯಲ್ಲಿಯೂ ಅದರ ನಿಕ್ಷೇಪಗಳಿವೆ. ಆದರೆ ಒಂದು ಹಿಡಿ ಕಲ್ಲನ್ನು ಪುಡಿ ಮಾಡಿ ಪರೀಕ್ಷಿಸಿದರೆ ಸಿಗುವುದು ಒಟ್ಟು ಮೊತ್ತ ಮಾತ್ರ. ಯಾವ ಕಣದಲ್ಲಿ ಏನಿದೆ ಎಂಬುದು ಪುಡಿಯೊಳಗೆ ಕಳೆದುಹೋಗುತ್ತದೆ.

ಈ ಕೊರತೆಯನ್ನು ನೀಗಿಸಿದ್ದು ಇಲೆಕ್ಟ್ರಾನ್ ಮೈಕ್ರೋಪ್ರೋಬ್. ಫ್ರಾನ್ಸಿನ ರೇಮೊಂ ಕಾಸ್ಟೇಂಗ್ 1951ರ ತಮ್ಮ ಪ್ರಬಂಧದಲ್ಲಿ ಇದಕ್ಕೆ ತಳಹದಿ ಹಾಕಿದರು. ನಿರ್ವಾತದಲ್ಲಿ ಇಲೆಕ್ಟ್ರಾನುಗಳ ಸಣ್ಣ ಕಿರಣವನ್ನು ಕಲ್ಲಿನ ಮೇಲೆ ಬೀಳಿಸುತ್ತಾರೆ. ಅದು ತಗಲುವ ಜಾಗ ಸುಮಾರು ಒಂದು ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅಲ್ಲಿನ ಪ್ರತಿಯೊಂದು ಮೂಲವಸ್ತುವೂ ತನ್ನದೇ ತರಂಗದೂರದ ಕ್ಷ-ಕಿರಣವನ್ನು ಹೊಮ್ಮಿಸುತ್ತದೆ. ಒಂದು ಸ್ಫಟಿಕವು ಅವುಗಳನ್ನು ಬೇರ್ಪಡಿಸುತ್ತದೆ. ಸಂಯೋಜನೆ ಗೊತ್ತಿರುವ ಖನಿಜದ ಕಿರಣದೊಡನೆ ಹೋಲಿಸಿ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ತಕ್ಕಡಿ ಎಷ್ಟೇ ಸೂಕ್ಷ್ಮವಾಗಿರಲಿ, ಬಟ್ಟು ಸರಿಯಿರಬೇಕಷ್ಟೆ.

ಈ ವಿದ್ಯೆಯನ್ನು ಕಲಿಯಹೊರಟ ನಮಗೆ ಹೆಚ್ಚು ದಿನ ಹಿಡಿದದ್ದು ಯಂತ್ರವಲ್ಲ, ಕಲ್ಲನ್ನು ಅಣಿಗೊಳಿಸುವ ಕೆಲಸ. ಮುರಕಲ್ಲಿನ ತುಂಬ ತೂತುಗಳು. ಅವುಗಳಿಗೆ ರಾಳವನ್ನು ತುಂಬಿ, ಗಟ್ಟಿಯಾದ ಮೇಲೆ ಮೂವತ್ತು ಮೈಕ್ರಾನ್ ದಪ್ಪಕ್ಕೆ ತೇಯಬೇಕು. ಕನ್ನಡಿಯಂತೆ ಹೊಳೆಯುವವರೆಗೆ ವಜ್ರದ ಪುಡಿಯಿಂದ ಉಜ್ಜಿ, ವಿದ್ಯುತ್ ಹರಿಯಲೆಂದು ಇಂಗಾಲದ ತೆಳುಲೇಪ ಕೊಡಬೇಕು. ತೆರೆಯ ಮೇಲೆ ಕಬ್ಬಿಣದ ಖನಿಜ ಬೆಳ್ಳಗೆ, ಅಲ್ಯೂಮಿನಿಯಂ ಖನಿಜ ಕಪ್ಪಾಗಿ ಕಾಣುತ್ತದೆ.

ಇನ್ನು ಅಂಕಿಗಳು. ಗಾರ್ನೆಟ್ಟಿನಂಥ ಖನಿಜದಲ್ಲಿ ಆಕ್ಸೈಡುಗಳ ಮೊತ್ತ ನೂರರ ಹತ್ತಿರ ಬರಬೇಕು. ಬಾಕ್ಸೈಟಿನ ಗಿಬ್ಸೈಟಿನಲ್ಲಿ ಅಲ್ಯೂಮಿನಾ ಶೇಕಡಾ 65ರಷ್ಟು ಮಾತ್ರ. ಮಿಕ್ಕಿದ್ದು ನೀರು, ಜಲಜನಕ ಈ ಯಂತ್ರಕ್ಕೆ ಕಾಣದು. ಕಿರಣದ ಬಿಸಿಗೆ ಆ ನೀರು ಹಾರಿದರೆ ಅಲ್ಯೂಮಿನಾ ಸುಳ್ಳಾಗಿ ಏರುತ್ತದೆ. ಕಿರಣ ತೂತಿನ ಅಂಚಿಗೆ ಬಿದ್ದರೆ ಮೊತ್ತ ಸುಳ್ಳಾಗಿ ಇಳಿಯುತ್ತದೆ. ಮೊತ್ತ ಕಡಿಮೆ ಬಂದಾಗ ಅದು ಖನಿಜದ ನೀರೋ, ಬರಿಯ ತೂತೋ ಎಂದು ತೀರ್ಮಾನಿಸಬೇಕಾದವರು ಮುಂದೆ ಕುಳಿತವರೇ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಂಥದ್ದು ಎಟುಕೀತೇ ಎಂದು ಹೆತ್ತವರು ಕೇಳುತ್ತಾರೆ. ಭಯ ಸಹಜವಾದದ್ದೇ. ಕೈಪಿಡಿಯ ಇಂಗ್ಲಿಷು ನಮಗೆ ಕೆಲವು ತಿಂಗಳು ತೊಡಕಾಯಿತು, ನಿಜ. ಆದರೆ ಪರಮಾಣು, ಸ್ಫಟಿಕ, ತರಂಗದೂರ ಎಂಬ ಮಾತುಗಳು ಇಲ್ಲಿಯ ಕರಿಹಲಗೆಯ ಮೇಲೆಯೇ ಅರ್ಥವಾಗಿದ್ದವು. ಅಂಕಿಯನ್ನು ನಂಬಬೇಕೇ ಬೇಡವೇ ಎಂಬ ಪ್ರಶ್ನೆಗೆ ಯಾವ ಭಾಷೆಯ ಕೈಪಿಡಿಯಲ್ಲಿಯೂ ಸಿದ್ಧ ಉತ್ತರವಿರಲಿಲ್ಲ.

ನಮ್ಮ ಹಿರಿಯರು ಪಿಕ್ಕಾಸಿನಿಂದ ಗುಡ್ಡ ಕೊರೆದು ತೆಗೆದ ಸುರಂಗಗಳಿಗೆ ನೀರು ಒದಗುವುದು ಈ ತೂತುಗಲ್ಲಿನ ದಾರಿಯಾಗಿಯೇ. ಕೋರೆಗಳಲ್ಲಿ ಗುಡ್ಡವೇ ಕರಗುತ್ತಿರುವಾಗ ಆ ಕಲ್ಲು ಹೇಗಿತ್ತೆಂಬ ದಾಖಲೆಯಾದರೂ ಊರಿನಲ್ಲಿ ಇರಬೇಕು. ಮಳೆಗಾಲ ಕಳೆದ ಮೇಲೆ ಮಕ್ಕಳು ಸುರಂಗದ ಬಾಯಿ, ಕೋರೆ, ಶಾಲೆಯ ಬಾವಿ ಈ ಮೂರು ಕಡೆಯಿಂದ ಒಂದೊಂದು ತುಂಡನ್ನು, ಎಷ್ಟು ಆಳದಿಂದ ತೆಗೆದದ್ದೆಂದು ಬರೆದು ಕೊಡಲಿ. ಅವುಗಳ ತೆಳುಛೇದಗಳನ್ನೂ ವಿಶ್ಲೇಷಣೆಯ ಅಂಕಿಗಳನ್ನೂ ಕನ್ನಡದ ವಿವರಣೆಯೊಡನೆ ಶಾಲೆಯ ವಿಜ್ಞಾನ ಕೊಠಡಿಗೆ ತಂದೊಪ್ಪಿಸುವ ಹೊಣೆ ನಮ್ಮದು.