ಮುಕ್ತವೋ ಮುಚ್ಚಿದ್ದೋ?

ಸಂಸ್ಕೃತದಲ್ಲಿ ‘ಮುಚ್’ ಎಂಬ ಧಾತುವಿಗೆ ಬಿಡುಗಡೆ ಮಾಡು ಎಂದು ಅರ್ಥ. ಅದರಿಂದ ಬಂದದ್ದು ‘ಮುಕ್ತ’. ಕನ್ನಡದಲ್ಲಿ ‘ಮುಚ್ಚು’ ಎಂದರೆ ಅದಕ್ಕೆ ನೇರ ವಿರುದ್ಧ. ಕಿವಿಗೆ ಹತ್ತಿರ, ಅರ್ಥಕ್ಕೆ ದೂರ. ಇಂದು ಗಣಕಯಂತ್ರವನ್ನು ಬಳಸುವವರೆಲ್ಲರೂ, ತಿಳಿದೋ ತಿಳಿಯದೆಯೋ, ಈ ಎರಡು ಮಾತುಗಳ ನಡುವೆ ಒಂದನ್ನು ಆರಿಸಿಕೊಳ್ಳುತ್ತಿರುತ್ತಾರೆ. ಕೆಲವರ ಒಲವು ಮುಕ್ತ ತಂತ್ರಾಂಶದ ಕಡೆಗೆ, ಕೆಲವರ ಒಲವು ಒಡೆಯರಿರುವ ಮುಚ್ಚಿದ ತಂತ್ರಾಂಶದ ಕಡೆಗೆ. ನಾನು ಯಂತ್ರಶಾಸ್ತ್ರಜ್ಞನಲ್ಲ, ಹಳಗನ್ನಡ ಪಾಠ ಹೇಳುವ ಮೇಷ್ಟರು. ಆದರೂ ಅಕ್ಷರದಿಂದ ಬದುಕುವವನಾದುದರಿಂದ ಈ ವಿಷಯದಲ್ಲಿ ನನಗೂ ಒಂದು ಒಲವುಂಟು. ಅದನ್ನು ಕಾರಣಸಹಿತ ತಮ್ಮ ಮುಂದಿಡುತ್ತೇನೆ.

ಮೊದಲು ಭೇದವೇನೆಂದು ನೋಡೋಣ. ತಂತ್ರಾಂಶವನ್ನು ರಚಿಸುವವರು ಅದನ್ನು ಮನುಷ್ಯರು ಓದಬಲ್ಲ ಒಂದು ಸಂಕೇತಭಾಷೆಯಲ್ಲಿ ಬರೆಯುತ್ತಾರೆ. ಇದಕ್ಕೆ ಆಕರ ಎಂದು ಹೆಸರು. ಆ ಆಕರ ಅನಂತರ ಯಂತ್ರಕ್ಕೆ ಮಾತ್ರ ತಿಳಿಯುವ ಸೊನ್ನೆ ಒಂದುಗಳ ಸಾಲಾಗುತ್ತದೆ. ಆಕರವನ್ನು ಎಲ್ಲರಿಗೂ ಕೊಟ್ಟು, ಓದಿ, ತಿದ್ದಿ, ಹಂಚಲು ಅನುಮತಿಯಿತ್ತರೆ ಅದು ಮುಕ್ತ. ಸೊನ್ನೆ ಒಂದುಗಳ ಸಾಲನ್ನು ಮಾತ್ರ ಕೊಟ್ಟು, ಆಕರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಅದು ಮುಚ್ಚಿದ್ದು.

ಇಲ್ಲಿ ಒಂದು ಭ್ರಾಂತಿಗೆ ಎಡೆಯುಂಟು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ನರು 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದಾಗ ‘ಫ್ರೀ’ ಎಂಬ ಮಾತನ್ನು ಬಳಸಿದರು. ಇಂಗ್ಲಿಷಿನಲ್ಲಿ ಆ ಒಂದೇ ಪದಕ್ಕೆ ಸ್ವತಂತ್ರ ಎಂಬರ್ಥವೂ ಪುಕ್ಕಟೆ ಎಂಬರ್ಥವೂ ಇದೆ. ಅವರ ಜೀವಮಾನದ ಬಹುಭಾಗ ಇದನ್ನು ಬಿಡಿಸಿ ಹೇಳುವುದರಲ್ಲಿಯೇ ಕಳೆದಿದೆ. ನಮಗೆ ಆ ತೊಡಕಿಲ್ಲ: ಮುಕ್ತ ಬೇರೆ, ಉಚಿತ ಬೇರೆ. ಸಂಸ್ಕೃತದಲ್ಲಿ ಉಚಿತವೆಂದರೆ ಯೋಗ್ಯವಾದುದು. ಕನ್ನಡಕ್ಕೆ ಬಂದು ಅದು ಪುಕ್ಕಟೆಯೂ ಆಯಿತು. ಪುಕ್ಕಟೆಯಾದುದೆಲ್ಲ ಮುಕ್ತವಲ್ಲ. 1998ರಲ್ಲಿ ಬಂದ ‘ಬರಹ’ ತಂತ್ರಾಂಶ ಹಣವಿಲ್ಲದೆ ದೊರೆತು ಅಸಂಖ್ಯ ಮನೆಗಳಿಗೆ ಕನ್ನಡ ಬೆರಳಚ್ಚನ್ನು ತಂದಿತು. ಅದರ ಉಪಕಾರ ದೊಡ್ಡದು. ಆದರೂ ಅದು ಉಚಿತವಾಗಿತ್ತೇ ಹೊರತು ಅದರ ಆಕರ ತೆರೆದಿರಲಿಲ್ಲ.

ಮುಚ್ಚಿದ್ದೆಲ್ಲ ಕೆಟ್ಟದ್ದು ಎಂದು ಹೇಳುವವನು ನಾನಲ್ಲ. ದುಡಿದವನಿಗೆ ಕೂಲಿ ಬೇಕು. ಒಡೆಯನಿದ್ದರೆ ದೂರು ಕೊಡಲು ಒಂದು ಬಾಗಿಲಿರುತ್ತದೆ. ಪುಸ್ತಕದ ಪುಟ ಕಟ್ಟುವವರು, ಚಿತ್ರ ತಿದ್ದುವವರು ತಾವು ಬಳಸುವ ಮುಚ್ಚಿದ ತಂತ್ರಾಂಶದ ನಯವನ್ನು ಹೊಗಳಿದರೆ ಅದು ಸುಳ್ಳಲ್ಲ. ಇತ್ತ ಮುಕ್ತವನ್ನು ಪೂರ್ತಿ ತೊರೆದವರೂ ವಿರಳ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ನಿಮ್ಮ ಆಂಡ್ರಾಯ್ಡ್ ಫೋನಿನ ತಿರುಳಿನಲ್ಲಿ ಕುಳಿತಿದೆ. ಒಂದೇ ಅಂಗೈಯಲ್ಲಿ ಒಳಗೆ ಮುಕ್ತ, ಮೇಲೆ ಅನೇಕ ಮುಚ್ಚಿದವು. ಹೀಗಿರುವಾಗ ಪಂಥ ಕಟ್ಟಿ ಜಗಳವಾಡುವುದು ತರವಲ್ಲ.

ಹಾಗಾದರೆ ಒಲವಿಗೆ ಕಾರಣವೇನು? ಅಕ್ಷರದ ಆಯುಸ್ಸು.

ಒಂದು ಕಾಲದಲ್ಲಿ ಗಣಕಯಂತ್ರಕ್ಕೆ ಕನ್ನಡ ತಿಳಿದಿರಲಿಲ್ಲ. ರೋಮನ್ ಅಕ್ಷರಗಳ ಮನೆಗಳಲ್ಲಿ ನಮ್ಮ ಅಕ್ಷರದ ತುಂಡುಗಳನ್ನು, ತಲೆಕಟ್ಟು ಒತ್ತುಗಳನ್ನು, ಬಾಡಿಗೆಗೆ ಕೂರಿಸಿದ್ದರು. ಯಾವ ತುಂಡು ಯಾವ ಮನೆಯಲ್ಲಿ ಎಂಬುದು ಒಂದೊಂದು ತಂತ್ರಾಂಶದಲ್ಲಿ ಒಂದೊಂದು ರೀತಿ. ನಾನು ಹಲವು ವರ್ಷ ಮಕ್ಕಳಿಗಾಗಿ ಸಿದ್ಧಪಡಿಸಿದ ಛಂದಸ್ಸಿನ ಟಿಪ್ಪಣಿಗಳು ಅಂಥ ಒಂದು ಮುಚ್ಚಿದ ತಂತ್ರಾಂಶದಲ್ಲಿದ್ದವು. ಅದು ಹೊಸ ಯಂತ್ರದಲ್ಲಿ ಏಳಲಿಲ್ಲ. ಕಡತ ತೆರೆದರೆ ಕಂದಪದ್ಯದ ಲಕ್ಷಣವಿರಬೇಕಾದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರ. ಅಕ್ಷರವಿತ್ತು, ಓದು ಇರಲಿಲ್ಲ. ಬಲ್ಲವರು ಬರೆದು ಹಂಚಿದ ಒಂದು ಮುಕ್ತ ಪರಿವರ್ತಕದಿಂದ ಬಹುಭಾಗ ಮರಳಿ ಬಂದಿತು. ಅಲ್ಲಲ್ಲಿ ಅರ್ಕಾವತ್ತು ತಪ್ಪಿತ್ತು; ಅದರ ಆಕರ ತೆರೆದಿದ್ದುದರಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅದನ್ನೂ ಸರಿಪಡಿಸಿದನು. ಬೀಗ ಹಾಕಿದ ಪೆಟ್ಟಿಗೆಯಾಗಿದ್ದರೆ ಒಡೆಯನಿಗೆ ಓಲೆ ಬರೆದು ಕಾಯಬೇಕಾಗಿತ್ತು.

ಒಡೆಯನು ಕೈಬಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳನ್ನು ನೋಡಿ. ನಮ್ಮ ಮುದ್ರಣಾಲಯಗಳು ನೆಚ್ಚಿಕೊಂಡಿದ್ದ ಪೇಜ್‌ಮೇಕರ್ 2001ರ ಏಳನೆಯ ಆವೃತ್ತಿಯೊಡನೆ ನಿಂತಿತು. ಅದಕ್ಕೆ ಯೂನಿಕೋಡ್ ಕನ್ನಡ ಬಾರದು. ಅದನ್ನು ಮುಂದುವರಿಸುವ ಹಕ್ಕು ಬೇರೆ ಯಾರಿಗೂ ಇರಲಿಲ್ಲ. ಓಪನ್ ಆಫೀಸಿನ ಕಥೆ ಬೇರೆ. ಸನ್ ಸಂಸ್ಥೆ ಅದರ ಆಕರವನ್ನು 2000ದಲ್ಲಿ ತೆರೆದಿಟ್ಟಿತ್ತು. 2010ರಲ್ಲಿ ಸನ್ ಸಂಸ್ಥೆಯೇ ಒರಾಕಲ್ ಪಾಲಾಯಿತು. ಅದೇ ವರ್ಷ ಅದರಲ್ಲಿ ದುಡಿಯುತ್ತಿದ್ದ ಅನೇಕರು ಆಕರವನ್ನು ಕೊಂಡೊಯ್ದು ಲಿಬ್ರೆ ಆಫೀಸ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಮನೆ ಕೈಬದಲಾದರೂ ದೀಪ ಆರಲಿಲ್ಲ.

ನಮ್ಮ ಪಂಡಿತಪರಂಪರೆಗೆ ಇದು ಹೊಸದಲ್ಲ. ಓಲೆಗರಿಯನ್ನು ಒಬ್ಬರಿಂದೊಬ್ಬರು ನಕಲು ಮಾಡಿಕೊಂಡದ್ದರಿಂದಲೇ ಕಾವ್ಯಗಳು ಉಳಿದವು. ಕಿಟೆಲರ ಕೋಶ ಅಚ್ಚಾದದ್ದು 1894ರಲ್ಲಿ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ಬೆಳೆಸಿದ ನಾಲ್ಕು ಸಂಪುಟಗಳನ್ನು ಮದರಾಸು ವಿಶ್ವವಿದ್ಯಾನಿಲಯ 1968ರಿಂದ ಹೊರತಂದಿತು. ಹಿಂದಿನವರ ಕೆಲಸ ಕಣ್ಣಿಗೆ ಕಾಣುವಂತಿದ್ದರೆ ಮುಂದಿನವರು ಅದರ ಮೇಲೆ ಒಂದು ವರಸೆ ಕಟ್ಟಬಹುದು.

ಆದರೂ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಅಕ್ಷರವನ್ನು ಉಳಿಸುವುದು ಮುಖ್ಯವಾಗಿ ಎಲ್ಲರಿಗೂ ಒಂದಾದ ಕಟ್ಟಳೆ. 1991ರ ಯೂನಿಕೋಡ್ ಕಟ್ಟಳೆಯಲ್ಲಿ ಕನ್ನಡಕ್ಕೆ ತನ್ನದೇ 128 ಮನೆಗಳು ದೊರೆತವು. ಅದನ್ನು ಮುಕ್ತ, ಮುಚ್ಚಿದ ಎರಡೂ ಬಗೆಯ ತಂತ್ರಾಂಶಗಳು ಇಂದು ಪಾಲಿಸುತ್ತವೆ. ಲಿಬ್ರೆ ಆಫೀಸಿನ ಕಡತಕ್ರಮ 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಮೈಕ್ರೋಸಾಫ್ಟಿನ ಹೊಸ ಕಡತಕ್ರಮವೂ 2008ರಲ್ಲಿ ಹಾಗೆಯೇ ಆಯಿತು.

ಆದುದರಿಂದ ನನ್ನ ಪಕ್ಷ ಇಷ್ಟು. ಲೇಖನಿ ಯಾರದಾದರೂ ಇರಲಿ, ಬರಹ ನಮ್ಮದಾಗಿರಲಿ. ನಾನು ಪಾಠ ಬರೆಯುವುದು ಲಿಬ್ರೆ ಆಫೀಸಿನಲ್ಲಿ. ಪುಸ್ತಕಕ್ಕೆ ಪುಟ ಕಟ್ಟಲು ಮುದ್ರಕರು ತಮಗೆ ಒಗ್ಗಿದ್ದನ್ನು ಬಳಸಿದರೆ ನನ್ನ ಆಕ್ಷೇಪವಿಲ್ಲ. ನಿಮ್ಮ ಮನೆಯಲ್ಲಿ ಅಜ್ಜನ ನೆನಪುಗಳನ್ನೋ ಅಜ್ಜಿಯ ಹಾಡುಗಳನ್ನೋ ಗಣಕದಲ್ಲಿ ಬರೆದಿಡುವ ಮಕ್ಕಳಿದ್ದರೆ ಅವರನ್ನು ಎರಡು ಪ್ರಶ್ನೆ ಕೇಳಿ: ಇದು ಯೂನಿಕೋಡಿನಲ್ಲಿದೆಯೆ? ಈ ತಂತ್ರಾಂಶ ನಾಳೆ ನಿಂತುಹೋದರೆ ಬೇರೆಯದರಲ್ಲಿ ಇದು ತೆರೆಯುವುದೆ? ಎರಡಕ್ಕೂ ಹೌದೆಂಬ ಉತ್ತರ ಬಂದರೆ ಮಿಕ್ಕದ್ದು ರುಚಿಯ ಮಾತು. ಬಾರದಿದ್ದರೆ ಇಂದೇ ಒಂದು ಪ್ರತಿ ಬೇರೆ ಮಾಡಿಡುವುದು ಲೇಸು.