ಬೀಗ ಮೊಬೈಲಿಗಿರಲಿ, ಬಾಯಿಗಲ್ಲ

(ಕನ್ಯಾನದಲ್ಲಿ ಹೆತ್ತವರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



'ಅಂತರ್ಜಾಲ, ಮಕ್ಕಳು ಮತ್ತು ಕಾನೂನು' ಎಂಬ ವಿಷಯದ ಬಗ್ಗೆ ನಾಲ್ಕು ಮಾತು ಹೇಳಲು ನನಗೆ ಸೂಚಿಸಿದ್ದೀರಿ. ಈ ವಿಷಯದಲ್ಲಿ ಸ್ವಂತ ಅಭಿಪ್ರಾಯ ಇಲ್ಲದವರು ನಮ್ಮೂರಲ್ಲಿ ಯಾರೂ ಇಲ್ಲ. ವಿಟ್ಲದ ಬಸ್ಸಿನಲ್ಲಿ, ಹೋಟೆಲಿನ ಚಹಾ ಮೇಜಿನಲ್ಲಿ, ಮಸೀದಿಯ ಅಂಗಳದಲ್ಲಿ, ಶಾಲೆಯ ಪೋಷಕರ ಸಭೆಯಲ್ಲಿ ಕೇಳಿಬರುವ ಅಭಿಪ್ರಾಯಗಳನ್ನು ಒಟ್ಟು ಸೇರಿಸಿದರೆ ಅವು ಮುಖ್ಯವಾಗಿ ನಾಲ್ಕು. ಒಂದು, 'ಬೇಡದ ಮೆಸೇಜು ಬಂದರೆ ಅಳಿಸಿದರಾಯಿತು, ಅದರಲ್ಲೇನಿದೆ?' ಎರಡು, 'ಮಕ್ಕಳನ್ನು ಹಾಳು ಮಾಡಿದ್ದೇ ಮೊಬೈಲು, ಕಿತ್ತಿಟ್ಟರೆ ಎಲ್ಲ ಸರಿಯಾಗುತ್ತದೆ.' ಮೂರು, 'ಸರಕಾರ ಒಂದು ಕಾನೂನು ತಂದು ಇದನ್ನೆಲ್ಲ ಬಂದ್ ಮಾಡಬೇಕು.' ನಾಲ್ಕು, 'ಆಗಬಾರದ್ದು ಆಗಿಹೋದರೆ ಯಾರಿಗೂ ಹೇಳಬೇಡಿ, ಮರ್ಯಾದೆಯ ಪ್ರಶ್ನೆ.'

ಮೊದಲ ಮೂರರಲ್ಲಿ ಅರ್ಧ ಸತ್ಯವಿದೆ. ನಾಲ್ಕನೆಯದು ಪೂರ್ತಿ ತಪ್ಪು. ಅಷ್ಟೇ ಅಲ್ಲ, ಮೋಸಗಾರರ ಹೊಟ್ಟೆ ತುಂಬುತ್ತಿರುವುದೇ ಆ ನಾಲ್ಕನೆಯ ಮಾತಿನಿಂದ. ಒಂದೊಂದಾಗಿ ನೋಡೋಣ.

ಬೇಡದ ಮೆಸೇಜಿಗೆ ಸ್ಪಾಂ ಎನ್ನುತ್ತಾರೆ. ಇದು ಮೂಲದಲ್ಲಿ ಅಮೆರಿಕದ ಒಂದು ಡಬ್ಬಿ ಮಾಂಸದ ಹೆಸರು. 1970ರಲ್ಲಿ ಬ್ರಿಟನ್ನಿನ ಟಿ.ವಿ. ಹಾಸ್ಯವೊಂದರಲ್ಲಿ ಹೋಟೆಲಿಗೆ ಬಂದವರು ಯಾವ ತಿಂಡಿ ಕೇಳಿದರೂ ಅದರಲ್ಲಿ ಅದೇ ಮಾಂಸ ಇರುತ್ತದೆ, ಬೇಡವೆಂದರೂ ಬಿಡುವುದಿಲ್ಲ. ಹಾಗೆ ಬೇಡವೆಂದರೂ ಬರುವ ಸಂದೇಶಕ್ಕೆ ಆ ಹೆಸರು ಅಂಟಿಕೊಂಡಿತು. 1978ರಲ್ಲಿ ಅಮೆರಿಕದಲ್ಲಿ ಕಂಪ್ಯೂಟರ್ ಮಾರುವ ಒಬ್ಬರು ಸುಮಾರು 400 ಮಂದಿಗೆ ಒಟ್ಟಿಗೆ ಜಾಹೀರಾತು ಕಳುಹಿಸಿದ್ದೇ ಮೊದಲ ಸ್ಪಾಂ ಎಂದು ಹೇಳುವುದುಂಟು.

ಆಗ ಅದು ಕೇವಲ ಕಿರಿಕಿರಿಯಾಗಿತ್ತು. ಇಂದು ಹಾಗಲ್ಲ. ಇಂದು ಅದು ಗಾಳ. 'ನಿಖಾಹ್‌ಗೆ ತಪ್ಪದೆ ಬನ್ನಿ' ಎಂದು ವಾಟ್ಸಾಪಿನಲ್ಲಿ ಬಂದ ಆಮಂತ್ರಣ ಒಂದು ಚಿತ್ರವೋ ಪಿಡಿಎಫ್ಫೋ ಆಗಿದ್ದರೆ ಓದಬಹುದು. ಅದರ ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂದಿದ್ದರೆ ಅದು ಆಮಂತ್ರಣವೇ ಅಲ್ಲ, ಮೊಬೈಲಿನೊಳಗೆ ಕೂತು ಒಟಿಪಿ ಓದುವ ಒಂದು ಆ್ಯಪ್. ಟ್ರಾಫಿಕ್ ದಂಡದ ಚಲನ್, ಬ್ಯಾಂಕಿನ ಕೆವೈಸಿ, ವಿದ್ಯಾರ್ಥಿವೇತನ ಮಂಜೂರಾತಿ, ಇವೆಲ್ಲ ಅದೇ ಗಾಳಕ್ಕೆ ಸಿಕ್ಕಿಸಿದ ಬೇರೆ ಬೇರೆ ಎರೆಗಳು. ಸುದ್ದಿ ತಂದವನನ್ನು ನಂಬುವ ಮೊದಲು ಪರಿಶೀಲಿಸಿ ಎಂಬ ಪಾಠವನ್ನು ಮದ್ರಸದಲ್ಲೇ ಕಲಿತ ನಾವು, ಮೊಬೈಲು ಕೈಗೆ ಬಂದೊಡನೆ ಅದನ್ನು ಮರೆಯಬಾರದು.

ಆದ್ದರಿಂದ ಅಳಿಸುವುದು ಒಳ್ಳೆಯದೇ, ಆದರೆ ಸಾಲದು. ಜಾಹೀರಾತಿನ ಕರೆ ಮತ್ತು ಎಸ್‌ಎಂಎಸ್ ಬೇಡವೆಂದಿದ್ದರೆ 1909ಕ್ಕೆ ತಿಳಿಸಿ ನೋಂದಾಯಿಸಬಹುದು. ಮೋಸದ ಕರೆ ಅಥವಾ ವಾಟ್ಸಾಪ್ ಸಂದೇಶ ಬಂದರೆ ಕೇಂದ್ರ ದೂರಸಂಪರ್ಕ ಇಲಾಖೆಯ 'ಸಂಚಾರ್ ಸಾಥಿ'ಯಲ್ಲಿ 2024ರಿಂದ ಇರುವ 'ಚಕ್ಷು' ಎಂಬ ವಿಭಾಗಕ್ಕೆ ದೂರು ಕೊಡಬಹುದು. ನೀವು ಅಳಿಸಿದ ಮೆಸೇಜು ನಾಳೆ ನಿಮ್ಮ ನೆರೆಮನೆಯ ಅಜ್ಜಿಗೆ ಹೋಗುತ್ತದೆ. ನೀವು ದೂರು ಕೊಟ್ಟರೆ ಆ ನಂಬರು ನಿಲ್ಲುವ ಸಾಧ್ಯತೆಯಾದರೂ ಇದೆ.

ಇನ್ನು ಎರಡನೆಯ ಅಭಿಪ್ರಾಯ. 'ಮೊಬೈಲ್ ಕಿತ್ತಿಡಿ.' ನಮ್ಮ ಎಷ್ಟೋ ಮನೆಗಳಲ್ಲಿ ಉಪ್ಪ ಗಲ್ಫಿನಲ್ಲಿದ್ದಾರೆ. ಮಗು ತಂದೆಯ ಮುಖ ನೋಡುವುದೇ ಆ ಮೊಬೈಲಿನಲ್ಲಿ. ಶಾಲೆಯ ಹೋಂವರ್ಕ್ ಬರುವುದೂ ಅದರಲ್ಲೇ. ಕಿತ್ತಿಡುವುದು ಹೇಳಿದಷ್ಟು ಸುಲಭವಲ್ಲ.

ಹಾಗಾದರೆ ಬೀಗ ಹಾಕುವ ಆ್ಯಪ್‌ಗಳಿವೆಯಲ್ಲ? ಇವೆ. ಗೂಗಲ್‌ನ 'ಫ್ಯಾಮಿಲಿ ಲಿಂಕ್' ಅಂಥದ್ದು. ಮಗುವಿನ ಖಾತೆಯನ್ನು ಹೆತ್ತವರ ಖಾತೆಗೆ ಜೋಡಿಸಿ, ದಿನಕ್ಕೆ ಎಷ್ಟು ಹೊತ್ತು, ಯಾವ ಆ್ಯಪ್, ರಾತ್ರಿ ಎಷ್ಟು ಗಂಟೆಗೆ ಬಂದ್ ಎಂದು ನಿಗದಿಪಡಿಸಬಹುದು. ಸಣ್ಣ ಮಕ್ಕಳಿಗೆ ಇದು ಖಂಡಿತ ಬೇಕು. ಆದರೆ ಅದು ಕೆಲಸ ಮಾಡುವುದು ಮಗುವಿನ ನಿಜವಾದ ಜನ್ಮದಿನಾಂಕ ಕೊಟ್ಟು ಮಗುವಿನದೇ ಖಾತೆ ತೆರೆದಾಗ. ನಮ್ಮಲ್ಲಿ ಆಗುವುದೇನು? ಮಗು ಉಮ್ಮನ ಮೊಬೈಲಿನಲ್ಲಿ, ಉಮ್ಮನ ಖಾತೆಯಲ್ಲಿ ಆಡುತ್ತದೆ. ಗೂಗಲಿನ ಲೆಕ್ಕದಲ್ಲಿ ಆ ಎಂಟು ವರ್ಷದ ಹುಡುಗನಿಗೆ 38 ವರ್ಷ! ಮುಂದೆ ಬರುವ ವೀಡಿಯೋ, ಜಾಹೀರಾತು ಎಲ್ಲ ಆ ವಯಸ್ಸಿನವು.

ಇದಕ್ಕಿಂತ ದೊಡ್ಡ ವಿಚಿತ್ರ ಇನ್ನೊಂದಿದೆ. ಮನೆಯಲ್ಲಿ ಮೊಬೈಲಿನ ಪಾಸ್‌ವರ್ಡ್ ಹಾಕಿಕೊಟ್ಟವನು ಮಗ. ಉಮ್ಮನಿಗೆ ಗೂಗಲ್ ಪೇ ಕಲಿಸಿದವಳು ಮಗಳು. ಬ್ಯಾಂಕಿನಿಂದ ಒಟಿಪಿ ಬಂದರೆ ಓದಿ ಹೇಳುವವರೂ ಅವರೇ. ಅಂದರೆ ಬೀಗ ಹಾಕುವವರು ನಾವೆಂದು ಭಾವಿಸಿದ್ದೇವೆ, ಕೀಲಿಕೈ ಇರುವುದು ಮಕ್ಕಳ ಕೈಯಲ್ಲಿ. ಹೆತ್ತವರ ನಿಯಂತ್ರಣ ಎಂದು ಯಾವುದನ್ನು ಕರೆಯುತ್ತೇವೋ ಅದು ನಮ್ಮ ಮನೆಗಳಲ್ಲಿ ಮಕ್ಕಳ ಒಪ್ಪಿಗೆಯಿಂದ ನಡೆಯುತ್ತಿದೆ. ಆ ಒಪ್ಪಿಗೆಯನ್ನು ಪ್ರೀತಿಯಿಂದ ಪಡೆಯದೆ ಬೇರೆ ದಾರಿ ಇಲ್ಲ.

ವಯಸ್ಸಿನ ವ್ಯತ್ಯಾಸವನ್ನೂ ಗಮನಿಸಬೇಕು. ಎಂಟು ವರ್ಷದವನಿಗೆ ಹೊಂದುವ ಬೀಗ ಹದಿನೆಂಟು ವರ್ಷದವಳಿಗೆ ಹೊಂದುವುದಿಲ್ಲ. ನಮ್ಮ ನೆರೆಯ ಕೇರಳದಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹುಡುಗಿಯರ ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರ ತನಕ ಮೊಬೈಲ್ ಬಳಸಬಾರದು ಎಂಬ ನಿಯಮ ಬಂತು. ಒಪ್ಪದ ವಿದ್ಯಾರ್ಥಿನಿ ಫಹೀಮಾ ಶಿರಿನ್ ಹಾಸ್ಟೆಲಿನಿಂದ ಹೊರಹೋಗಬೇಕಾಯಿತು. ಅವರು ಕೇರಳ ಹೈಕೋರ್ಟಿಗೆ ಹೋದರು. 2019ರ ಸೆಪ್ಟೆಂಬರಿನಲ್ಲಿ ತೀರ್ಪು ಅವರ ಪರವಾಗಿ ಬಂತು. ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ನ್ಯಾಯಾಲಯ ಹೇಳಿತು. ಆ ಖಾಸಗಿತನದ ಹಕ್ಕನ್ನು ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ. ವಿದ್ಯಾರ್ಥಿನಿಯರೇ, ಇದು ನಿಮಗೆ ನೆನಪಿರಲಿ. ಹಕ್ಕು ಇದೆ ಎಂದ ಮೇಲೆ ಅದನ್ನು ಓದಿಗಾಗಿ ಬಳಸುವ ಹೊಣೆಯೂ ಇದೆ.

ಮೂರನೆಯ ಅಭಿಪ್ರಾಯಕ್ಕೆ ಬರೋಣ. 'ಕಾನೂನು ತನ್ನಿ.' ಕಾನೂನು ಬಂದು ಕಾಲು ಶತಮಾನವಾಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಯಾದದ್ದು 2000ದ ಅಕ್ಟೋಬರ್ 17ರಂದು. ಬೇರೆಯವರ ಪಾಸ್‌ವರ್ಡ್ ಕದ್ದು ಬಳಸಿದರೆ 66ಸಿ, ಬೇರೆಯವರಂತೆ ನಟಿಸಿ ಮೋಸ ಮಾಡಿದರೆ 66ಡಿ. ಎರಡಕ್ಕೂ ಮೂರು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ. 18 ವರ್ಷದೊಳಗಿನವರ ಅಶ್ಲೀಲ ಚಿತ್ರಗಳಿಗೆ 67ಬಿ. ಮೊದಲ ಸಲವೇ ಐದು ವರ್ಷ, ಹತ್ತು ಲಕ್ಷದ ತನಕ. ಹುಡುಗರೇ, 'ನಾನು ಮಾಡಿದ್ದಲ್ಲ, ಫಾರ್ವರ್ಡ್ ಮಾಡಿದ್ದು ಮಾತ್ರ' ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಆದರೆ ಕಾನೂನು ಎರಡು ಅಲಗಿನ ಕತ್ತಿ. 2009ರಲ್ಲಿ ಜಾರಿಯಾದ 66ಎ ಎಂಬ ಸೆಕ್ಷನ್ನಿನಲ್ಲಿ ಕಿರಿಕಿರಿಯ ಇ-ಮೇಲ್ ಕಳುಹಿಸುವುದೂ ಅಪರಾಧವಾಗಿತ್ತು. ಆದರೆ ಅದೇ ಸೆಕ್ಷನ್ನಿನಡಿ ಜಾಲತಾಣದಲ್ಲಿ ಅಭಿಪ್ರಾಯ ಬರೆದ ಹುಡುಗಿಯರನ್ನೂ ಬಂಧಿಸಿದರು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ಪೂರ್ತಿಯಾಗಿ ರದ್ದು ಮಾಡಿತು. ಸರಿಯಾದ ತೀರ್ಪು. ಆದರೆ ಅದರೊಂದಿಗೆ ಸ್ಪಾಂ ವಿರುದ್ಧದ ಆ ಒಂದು ಸಾಲೂ ಹೋಯಿತು. 'ಎಲ್ಲ ಬಂದ್ ಮಾಡಿ' ಎನ್ನುವವರು ಇದನ್ನು ಯೋಚಿಸಬೇಕು. ಅಗಲವಾದ ಬಲೆ ಬೀಸಿದರೆ ಮೊದಲು ಸಿಕ್ಕಿಬೀಳುವುದು ದೊಡ್ಡ ಮೀನಲ್ಲ, ನಮ್ಮಂಥ ಸಣ್ಣವರು.

ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆ ಇರಬಾರದೆಂದು ಮಾಡಿದೆ. ನಮ್ಮಲ್ಲಿ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತ ಹಂತವಾಗಿ ಜಾರಿಗೆ ಬರಬೇಕು. ಉದ್ದೇಶ ಒಳ್ಳೆಯದು. ಆದರೆ ಒಪ್ಪಿಗೆ ಕೇಳುವ ಒಟಿಪಿ ಬರುವುದು ಯಾವ ಮೊಬೈಲಿಗೆ? ಉಮ್ಮನ ಮೊಬೈಲಿಗೆ. ಆ ಮೊಬೈಲು ಇರುವುದು ಯಾರ ಕೈಯಲ್ಲಿ? ಉತ್ತರ ನಿಮಗೇ ಗೊತ್ತಿದೆ.

ಹಾಗಾಗಿ ಮಾತು ತಿರುಗಿ ಮನೆಗೇ ಬರುತ್ತದೆ, ನಾಲ್ಕನೆಯ ಅಭಿಪ್ರಾಯಕ್ಕೆ. 'ಯಾರಿಗೂ ಹೇಳಬೇಡಿ.'

ಗಮನಿಸಿ, ಮೋಸಗಾರ ಹೇಳುವುದೂ ಇದನ್ನೇ. 'ಡಿಜಿಟಲ್ ಅರೆಸ್ಟ್' ಎಂದು ವೀಡಿಯೋ ಕರೆಯಲ್ಲಿ ಹೆದರಿಸುವವನು, 'ಕರೆ ಕಡಿಯಬೇಡಿ, ಮನೆಯವರಿಗೂ ಹೇಳಬೇಡಿ' ಎನ್ನುತ್ತಾನೆ. ಅಂಥ ಒಂದು ಬಂಧನ ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರು ನಮ್ಮ ವಿಜಯಪುರದ ವ್ಯಕ್ತಿಯೊಬ್ಬರಿಗೆ ಬಂದ ಅಂಥ ಕರೆಯ ಧ್ವನಿಯನ್ನು ದೇಶಕ್ಕೇ ಕೇಳಿಸಿ ಇದೇ ಮಾತು ಹೇಳಿದರು. ದೂರ ಹೋಗಬೇಕಿಲ್ಲ. 2025ರ ಜನವರಿಯಲ್ಲಿ ನಮ್ಮದೇ ತಾಲೂಕಿನ ಬೋಳಂತೂರಿನಲ್ಲಿ ಇ.ಡಿ. ಅಧಿಕಾರಿಗಳೆಂದು ಹೇಳಿಕೊಂಡು ಉದ್ಯಮಿಯೊಬ್ಬರ ಮನೆಗೆ ನುಗ್ಗಿ, ಶೋಧನೆಯ ನಾಟಕವಾಡಿ ಹಣ ದೋಚಿದರು. ಮನೆ ಬಾಗಿಲಿಗೇ ನಕಲಿ ಅಧಿಕಾರಿ ಬರುವ ಕಾಲದಲ್ಲಿ ಮೊಬೈಲಿನ ತೆರೆಯಲ್ಲಿ ಕಾಣುವ ಖಾಕಿ ಬಟ್ಟೆಯನ್ನು ನಂಬುವುದುಂಟೇ?

ಫೋಟೋ ಇಟ್ಟು ಬೆದರಿಸುವವನ ಬಂಡವಾಳವೂ ಇದೇ ಮೌನ. ಹುಡುಗಿಯೊಬ್ಬಳ ಪ್ರೊಫೈಲ್ ಚಿತ್ರವನ್ನು ತಿರುಚಿ 'ಹಣ ಕಳಿಸು, ಇಲ್ಲವಾದರೆ ನಿನ್ನ ಉಪ್ಪನಿಗೆ ಕಳಿಸುತ್ತೇನೆ' ಎಂದರೆ, ಅವನು ಲೆಕ್ಕ ಹಾಕಿರುವುದು ಒಂದನ್ನೇ: ಈ ಹುಡುಗಿ ತಂದೆಗೆ ಹೆದರುತ್ತಾಳೆ, ನನಗಿಂತ ಹೆಚ್ಚು ತಂದೆಗೇ ಹೆದರುತ್ತಾಳೆ. ಅವಳು ಅದೇ ಸಂಜೆ 'ಉಪ್ಪಾ, ಹೀಗಾಗಿದೆ' ಎಂದು ಹೇಳಬಲ್ಲ ಮನೆಯಾಗಿದ್ದರೆ ಅವನ ಆಟ ಅಲ್ಲಿಗೇ ಮುಗಿಯಿತು.

ತರಗತಿಯಲ್ಲಿ 'ಮೋಸದ ಮೆಸೇಜು ಬಂದಿದೆಯೇ?' ಎಂದು ಕೇಳಿದರೆ ಹೆಚ್ಚಿನ ಕೈಗಳು ಮೇಲೇಳುತ್ತವೆ. 'ಮನೆಯಲ್ಲಿ ಹೇಳಿದ್ದೀರಾ?' ಎಂದರೆ ಕೈಗಳು ಇಳಿಯುತ್ತವೆ. ಯಾಕೆಂದು ಕೇಳಿದರೆ ಉತ್ತರ ಒಂದೇ: 'ಹೇಳಿದರೆ ಮೊಬೈಲ್ ತೆಗೀತಾರೆ ಸರ್.' ಹೆತ್ತವರೇ, ಈ ಉತ್ತರವನ್ನು ದಯವಿಟ್ಟು ಮನಸ್ಸಿಗೆ ತೆಗೆದುಕೊಳ್ಳಿ. ನಿಜ ಹೇಳಿದ ಮಗುವಿಗೆ ಶಿಕ್ಷೆಯಾದರೆ ಮುಂದಿನ ಸಲ ಅದು ಹೇಳುವುದಿಲ್ಲ. ಆಗ ಅದಕ್ಕೆ ಜೊತೆಗಿರುವವನು ಆ ಮೋಸಗಾರ ಮಾತ್ರ.

ಮೌನಕ್ಕೆ ಹಣದ ಲೆಕ್ಕವೂ ಇದೆ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಹಾರುತ್ತದೆ. ತಕ್ಷಣ 1930ಕ್ಕೆ ಕರೆ ಮಾಡಿದರೆ ದಾರಿಯಲ್ಲೇ ತಡೆಹಿಡಿಯುವ ಅವಕಾಶವಿದೆ; ಅದಕ್ಕೇ ಮೊದಲ ಗಂಟೆಯನ್ನು ಚಿನ್ನದ ಗಂಟೆ ಎನ್ನುವುದು. ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ಗ್ರಾಹಕನೇ ಒಟಿಪಿ ಹೇಳಿ ಮೋಸಹೋಗಿದ್ದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಎಂದಿತು. ಅಂದರೆ ನಾಚಿಕೆಯಿಂದ ಕಳೆದ ಒಂದೊಂದು ಗಂಟೆಗೂ ಬೆಲೆ ಇದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರ ಮತ್ತು ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಮರ್ಯಾದೆ ಉಳಿಸುವ ದಾರಿಯನ್ನು ಕಾನೂನೇ ಇಟ್ಟಿದೆ.

ಯುವಕರಿಗೆ ಒಂದು ವಿಶೇಷ ಎಚ್ಚರಿಕೆ. 'ನಿನ್ನ ಬ್ಯಾಂಕ್ ಖಾತೆ ಕೊಡು, ಕಮಿಷನ್ ಕೊಡುತ್ತೇವೆ', 'ನಿನ್ನ ಹೆಸರಲ್ಲಿ ಒಂದು ಸಿಮ್ ತೆಗೆದುಕೊಡು' ಎನ್ನುವ ಗೆಳೆಯರು ಸಿಗುತ್ತಾರೆ. ಕದ್ದ ಹಣ ಹಾಯುವುದು ಆ ಖಾತೆಯ ಮೂಲಕ. ಪೊಲೀಸರು ಮೊದಲು ಬರುವುದು ಖಾತೆಯ ಹೆಸರಿದ್ದವನ ಮನೆಗೆ. ಕ್ರಿಮಿನಲ್ ಪ್ರಕರಣ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸುವ ಅವಕಾಶ ಕಾನೂನಿನಲ್ಲಿದೆ. ಗಲ್ಫಿಗೆ ಹೋಗುವ ಕನಸು ಕೆಲವು ಸಾವಿರ ರೂಪಾಯಿಗೆ ಮುಗಿದು ಹೋಗಬಾರದು. ಈಗಾಗಲೇ ಯಾರಾದರೂ ಕೊಟ್ಟಿದ್ದರೆ, ಇಂದೇ ಮನೆಯಲ್ಲಿ ಹೇಳಿ, ನಾಳೆಯೇ ಬ್ಯಾಂಕಿಗೆ ಹೋಗಿ.

ಕೊನೆಯದಾಗಿ, ಮನೆಯಲ್ಲಿ ಮೂರು ಕೆಲಸ ಮಾಡಿ ಎಂದು ವಿನಂತಿಸುತ್ತೇನೆ. ಸಣ್ಣ ಮಕ್ಕಳಿಗೆ ಅವರದೇ ವಯಸ್ಸಿನ ಖಾತೆ ಮಾಡಿ, ಬೀಗ ಹಾಕಿ, ಯಾಕೆ ಹಾಕಿದ್ದೆಂದು ಅವರಿಗೆ ಹೇಳಿ. ಹಣದ ಪಿನ್ ನಂಬರನ್ನು ಉಮ್ಮಂದಿರು ತಾವೇ ಕಲಿತು ತಮ್ಮಲ್ಲೇ ಇಟ್ಟುಕೊಳ್ಳಿ. ಮೂರನೆಯದಕ್ಕೆ ಖರ್ಚಿಲ್ಲ. ಮಕ್ಕಳನ್ನು ಕೂರಿಸಿ ಒಂದು ಮಾತು ಕೊಡಿ: 'ಏನೇ ಆಗಿದ್ದರೂ ಮೊದಲು ನಮಗೆ ಹೇಳು, ಹೇಳಿದ್ದಕ್ಕೆ ನಿನ್ನನ್ನು ಬಯ್ಯುವುದಿಲ್ಲ.' ದುಬೈ, ದಮಾಮ್‌ನಲ್ಲಿರುವ ತಂದೆಯವರೂ ಇಂದು ರಾತ್ರಿಯ ಕರೆಯಲ್ಲಿ ಇದನ್ನೇ ಹೇಳಲಿ. ಹೇಳಿದ ಮೇಲೆ ಆ ಮಾತಿಗೆ ತಪ್ಪದಿರಿ.