ಸಾಹಿತ್ಯದ ಬಗೆಗಳೂ ವಾಚಕರ ಅಭಿರುಚಿಯೂ
(ಮಹೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಜನರು ಯಾವ ಬಗೆಯ ಸಾಹಿತ್ಯವನ್ನು ಮೆಚ್ಚುತ್ತಾರೆ, ಏತಕ್ಕಾಗಿ ಮೆಚ್ಚುತ್ತಾರೆ ಎಂಬುದು ನನಗೆ ಗೊತ್ತುಮಾಡಿಕೊಟ್ಟ ವಿಷಯ. ಇದು ಕೇವಲ ಪಂಡಿತರ ಚರ್ಚೆಯಲ್ಲ. ಉತ್ಸವದ ಸ್ಮರಣಾರ್ಥವಾಗಿ ಶ್ರೀಮಠದ ಪುಸ್ತಕಭಂಡಾರವನ್ನು ವಿಸ್ತರಿಸಬೇಕೆಂಬ ಸಂಕಲ್ಪವು ನಡೆದಿರುವುದು ತಮಗೆಲ್ಲ ತಿಳಿದೇ ಇದೆ. ಪುರಾಣ, ಶಾಸ್ತ್ರ, ವಚನಗಳ ಹೊರತು ಬೇರೆ ಗ್ರಂಥಗಳು ಮಠದಲ್ಲಿರಕೂಡದು, ಕಾದಂಬರಿಗಳಂತೂ ಹೊಸ್ತಿಲು ದಾಟಕೂಡದು ಎಂದು ಕೆಲವರು ಹಿರಿಯರು ಹೇಳುತ್ತಾರೆ. ಹಾಗಾದರೆ ಅಲ್ಲಿಗೆ ಬರುವವರು ಯಾರು ಎಂದು ತರುಣರು ಕೇಳುತ್ತಾರೆ. ಉಭಯರ ಮಾತಿನಲ್ಲಿಯೂ ಭಂಡಾರದ ಹಿತಚಿಂತನೆಯೇ ಇದೆ. ಆದುದರಿಂದ ನಿರ್ಣಯಕ್ಕೆ ಮೊದಲು ಸಾಹಿತ್ಯದ ಒಂದೊಂದು ಬಗೆಯೂ ಮನುಷ್ಯನ ಯಾವ ಹಸಿವನ್ನು ತಣಿಸುತ್ತದೆ ಎಂಬುದನ್ನು ವಿಚಾರಿಸೋಣ.

ನಮ್ಮ ಆಲಂಕಾರಿಕರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿದ್ದಾರೆ. ಮಮ್ಮಟನು ತನ್ನ ಕಾವ್ಯಪ್ರಕಾಶದಲ್ಲಿ ಕಾವ್ಯಕ್ಕೆ ಆರು ಪ್ರಯೋಜನಗಳನ್ನು ಹೇಳುತ್ತಾನೆ: ಕೀರ್ತಿ, ಧನ, ಲೋಕವ್ಯವಹಾರದ ಜ್ಞಾನ, ಅಮಂಗಳನಿವಾರಣೆ, ಒಡನೆಯೇ ಉಂಟಾಗುವ ಪರಮಾನಂದ, ಪ್ರಿಯೆಯ ಮಾತಿನಂಥ ಉಪದೇಶ. ಇವುಗಳಲ್ಲಿ ಕೀರ್ತಿಧನಗಳು ಕವಿಯ ಪಾಲಿನವು. ವ್ಯವಹಾರಜ್ಞಾನ, ಆನಂದ, ಉಪದೇಶ ಈ ಮೂರೂ ಓದುವವನ ಪಾಲಿನವು. ವೇದವು ಅರಸನಂತೆ ಆಜ್ಞಾಪಿಸುತ್ತದೆ, ಪುರಾಣವು ಸ್ನೇಹಿತನಂತೆ ತಿಳಿಯಹೇಳುತ್ತದೆ, ಕಾವ್ಯವು ಕಾಂತೆಯಂತೆ ಮನವೊಲಿಸುತ್ತದೆ ಎಂಬ ವಿಭಾಗವು ಪಾಠಶಾಲೆಯಲ್ಲಿ ಓದಿದವರಿಗೆಲ್ಲ ಪರಿಚಿತವಾದುದೇ. ಅನ್ಯರ ಸುಖದುಃಖಗಳನ್ನು ಓದುವಾಗ ಅವು ಇವನದು, ಅವನದು ಎಂಬ ಭೇದವನ್ನು ಕಳೆದುಕೊಂಡು ಎಲ್ಲರದೂ ಆಗುತ್ತವೆಂದು ಭಟ್ಟನಾಯಕನು ಕಂಡುಹಿಡಿದನು. ಇದಕ್ಕೆ ಸಾಧಾರಣೀಕರಣವೆಂದು ಹೆಸರು. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಸೀಮೆಯ ಜನರ ಅಭಿರುಚಿಯನ್ನು ನೋಡೋಣ.

ಮೊದಲನೆಯದು ಷಟ್ಪದಿಯ ಕಥಾಕಾವ್ಯ. ರಾಘವಾಂಕನು ಹರಿಶ್ಚಂದ್ರನ ಕಥೆಯನ್ನು ವಾರ್ಧಕಷಟ್ಪದಿಯಲ್ಲಿ ರಚಿಸಿದ ತರುವಾಯ ಈ ಮಾರ್ಗವು ರಾಜಬೀದಿಯಾಯಿತು. ಭೀಮಕವಿಯು 1369ರಲ್ಲಿ ಬಸವಪುರಾಣವನ್ನೂ, ಚಾಮರಸನು ಪ್ರೌಢದೇವರಾಯನ ಕಾಲದಲ್ಲಿ ಪ್ರಭುಲಿಂಗಲೀಲೆಯನ್ನೂ, ಕುಮಾರವ್ಯಾಸನು ಭಾರತವನ್ನೂ ಭಾಮಿನಿಯಲ್ಲಿ ರಚಿಸಿದರು. ನಮ್ಮ ಜಿಲ್ಲೆಯ ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನು ವಾರ್ಧಕದಲ್ಲಿ ಜೈಮಿನಿಭಾರತವನ್ನು ಬರೆದು, ಅಕ್ಷರ ಬಾರದವರ ನಾಲಗೆಯ ಮೇಲೂ ನೆಲೆಸಿದನು.

ಈ ಕಾವ್ಯಗಳನ್ನು ಜನರು ಮೆಚ್ಚಿದ್ದು ಏತಕ್ಕೆ? ಕಥೆಗಾಗಿ ಎಂದರೆ ಅರ್ಧ ಮಾತ್ರ ಸತ್ಯ, ಏಕೆಂದರೆ ಕಥೆಯು ಎಲ್ಲರಿಗೂ ಮೊದಲೇ ಗೊತ್ತಿತ್ತು. ಉಳಿದ ಅರ್ಧವು ಕಿವಿಯ ಸುಖ. ಭಾಮಿನಿಯಲ್ಲಿ ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ ಒಂದಾದ ಮೇಲೊಂದರಂತೆ ನಡೆಯುತ್ತವೆ. 1, 2, 4, 5ನೆಯ ಪಾದಗಳಿಗೆ ತಲಾ 14 ಮಾತ್ರೆ. 3 ಮತ್ತು 6ನೆಯ ಪಾದಗಳಿಗೆ 23 ಮಾತ್ರೆ. ಎರಡು ಗಿಡ್ಡ ಪಾದಗಳಲ್ಲಿ ಕಟ್ಟಿದ ನಿರೀಕ್ಷೆಯು ಮೂರನೆಯ ನೀಳವಾದ ಪಾದದಲ್ಲಿ ಬಿಡುಗಡೆ ಹೊಂದಿ, ಕೊನೆಯ ಗುರುವಿನಲ್ಲಿ ನಿಲ್ಲುತ್ತದೆ. ಅಲ್ಲಿ ಗಮಕಿಯು ಉಸಿರು ತೆಗೆದುಕೊಳ್ಳುವನು, ಕೇಳುವವನು ತಲೆದೂಗುವನು. ಬಳಿಕ ವ್ಯಾಖ್ಯಾನಕಾರನು ಅರ್ಥವನ್ನು ಬಿಡಿಸುವನು. ಇಂಥ ಪದ್ಯವನ್ನು ತರುಣನೊಬ್ಬನು ಏಕಾಂತದಲ್ಲಿ ಕಣ್ಣಿನಿಂದ ಓದಿ, ರುಚಿಸಲಿಲ್ಲ ಎಂದರೆ ತಪ್ಪು ಅವನದಲ್ಲ, ಕವಿಯದೂ ಅಲ್ಲ. ಹಾಡಬೇಕಾದುದನ್ನು ಮೌನವಾಗಿ ಓದಲು ಕೊಟ್ಟ ನಮ್ಮ ಕ್ರಮದಲ್ಲಿಯೇ ಲೋಪವಿದೆ.

ಎರಡನೆಯದು ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತನ ಪದ, ಮದ್ದಲೆಯ ನುಡಿ, ಅರ್ಥಧಾರಿಗಳ ಮಾತು, ಇಷ್ಟೇ ಸಾಮಗ್ರಿ. ಹೊರಗೆ ಜಡಿಮಳೆ ಹೊಯ್ಯುತ್ತಿರುವಾಗ ಜಗಲಿಯ ಮೇಲೆ ಕಂಬಳಿ ಹೊದ್ದು ಕುಳಿತವರು ವಾಲಿವಧೆಯನ್ನು ಕೇಳುತ್ತಾರೆ. ವಾಲಿಯು ಸಾಯುತ್ತಾನೆಂಬುದು ಮಕ್ಕಳಿಗೂ ಗೊತ್ತು. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಸಾಯುತ್ತಿರುವ ವಾಲಿಯು ಈ ರಾತ್ರಿ ಯಾವ ಪ್ರಶ್ನೆಯಿಂದ ಕಟ್ಟಿಹಾಕುವನು, ರಾಮನು ಯಾವ ಉತ್ತರದಿಂದ ಬಿಡಿಸಿಕೊಳ್ಳುವನು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಆ ಮಾತುಗಳು ಬರೆದಿಟ್ಟವುಗಳಲ್ಲ, ಆ ಕ್ಷಣದಲ್ಲಿ ಹುಟ್ಟುವಂಥವು. ದೇವರನ್ನೂ ಪ್ರಶ್ನಿಸಬಹುದು, ಪ್ರಶ್ನೆಗೆ ಉತ್ತರವನ್ನೂ ಹುಡುಕಬೇಕು ಎಂಬ ಶಿಕ್ಷಣವು ನಮ್ಮ ಒಕ್ಕಲು ಮಕ್ಕಳಿಗೆ ಶಾಲೆಗಿಂತ ಮೊದಲು ದೊರೆತದ್ದು ಇಲ್ಲಿಯೇ.

ಮೂರನೆಯದು ವಚನ. ಇದರ ಭೋಗವೇ ಬೇರೆ. ಇಲ್ಲಿ ಕಥೆಯಿಲ್ಲ, ಗಣನಿಯಮವಿಲ್ಲ. ಒಬ್ಬ ಮನುಷ್ಯನು ತನ್ನ ಇಷ್ಟದೈವದೊಡನೆ ಮುಚ್ಚುಮರೆಯಿಲ್ಲದೆ ಆಡಿದ ಮಾತಿದೆ. ತಾಳೆಗರಿಗಳಲ್ಲಿ ಹುದುಗಿದ್ದ ಈ ಸಂಪತ್ತನ್ನು ಫ. ಗು. ಹಳಕಟ್ಟಿಯವರು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಸಿದರು. ಅಂದಿನಿಂದ ವಚನವು ಮಠಮನೆಗಳ ಎಲ್ಲೆಯನ್ನು ದಾಟಿ ಸಮಸ್ತ ಕನ್ನಡಿಗರ ಸೊತ್ತಾಯಿತು. ವಚನಕಾರರು ಯಾರೆಂಬುದನ್ನು ತಾವು ನೆನೆಯಬೇಕು. ಮಡಿವಾಳ ಮಾಚಯ್ಯನು ಬಟ್ಟೆ ಒಗೆಯುವವನು. ಅಂಬಿಗರ ಚೌಡಯ್ಯನು ದೋಣಿ ನಡೆಸುವವನು. ನುಲಿಯ ಚಂದಯ್ಯನು ಹಗ್ಗ ಹೊಸೆಯುವವನು. ಆಯ್ದಕ್ಕಿ ಲಕ್ಕಮ್ಮನು ಅಕ್ಕಿ ಆಯುವ ಕಾಯಕದ ಮನೆಯವಳು. ಅರಸರನ್ನೂ ಅಪ್ಸರೆಯರನ್ನೂ ವರ್ಣಿಸುತ್ತಿದ್ದ ಸಾಹಿತ್ಯಕ್ಕೆ ಬಾಳಿನ ಬೆವರನ್ನು ತಂದವರು ಇವರು. ಈ ಮಾತನ್ನು ದಯಮಾಡಿ ಮನಸ್ಸಿನಲ್ಲಿಟ್ಟುಕೊಳ್ಳಿರಿ. ಮುಂದಿನ ವಿಚಾರಕ್ಕೆ ಇದೇ ಆಧಾರ.

ಇನ್ನು ವಿವಾದಾಸ್ಪದವಾದ ಕಾದಂಬರಿ. 1899ರಲ್ಲಿ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಪ್ರಕಟವಾದಂದಿನಿಂದ ಈ ಪ್ರಕಾರವು ಕನ್ನಡದಲ್ಲಿ ಬೇರುಬಿಟ್ಟು ಬೆಳೆದಿದೆ. ಇದು ಹೊರಗಿನದು, ನಮ್ಮದಲ್ಲ ಎನ್ನುವವರಿಗೆ ನಾನು ದೂರದ ಉದಾಹರಣೆಯನ್ನು ಕೊಡುವುದಿಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಜನಿಸಿದ ಕುವೆಂಪು ಅವರು ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು ರಚಿಸಿದವರು. ಅವರೇ 1967ರಲ್ಲಿ ಮಲೆಗಳಲ್ಲಿ ಮದುಮಗಳು ಎಂಬ ಕಾದಂಬರಿಯನ್ನೂ ಪ್ರಕಟಿಸಿದರು. ಮಹಾಕಾವ್ಯವನ್ನು ಬರೆದ ಕೈಯೇ ಮಲೆನಾಡಿನ ಆಳುಮಕ್ಕಳ, ಬಡಹೆಣ್ಣುಗಳ ಬಾಳನ್ನು ಗದ್ಯದಲ್ಲಿ ಚಿತ್ರಿಸಿತೆಂದ ಮೇಲೆ, ಈ ಪ್ರಕಾರವನ್ನು ಹಗುರವೆಂದು ತಳ್ಳಲು ನಮಗೆ ಅಧಿಕಾರವೆಲ್ಲಿಯದು?

ಇನ್ನೂ ಹತ್ತಿರದ ನಿದರ್ಶನವಿದೆ. ಎಂ. ಕೆ. ಇಂದಿರಾ ಅವರು 1917ರಲ್ಲಿ ತೀರ್ಥಹಳ್ಳಿಯಲ್ಲಿ ಜನಿಸಿದರೂ ಅವರ ಊರು ಈ ನರಸಿಂಹರಾಜಪುರವೇ. ಶಾಲೆಯ ವಿದ್ಯೆ ಕೆಲವೇ ವರ್ಷ. ಹನ್ನೆರಡರ ಪ್ರಾಯದಲ್ಲಿ ವಿವಾಹ. ಲೇಖನಿ ಹಿಡಿದದ್ದು ನಡುವಯಸ್ಸಿನಲ್ಲಿ. 1963ರಲ್ಲಿ ತುಂಗಭದ್ರಾ ಎಂಬ ಕಾದಂಬರಿ ಪ್ರಕಟವಾಯಿತು, 1976ರಲ್ಲಿ ಫಣಿಯಮ್ಮ. ಬಾಲ್ಯದಲ್ಲಿಯೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಮಡಿಯುಟ್ಟು, ಪರರ ಮನೆಯ ಕೆಲಸದಲ್ಲಿ ಸುದೀರ್ಘ ಆಯುಷ್ಯವನ್ನು ಸವೆಸಿದ ಒಬ್ಬ ಮಲೆನಾಡ ಹೆಂಗಸಿನ ಕಥೆಯದು. ಆಕೆಯು ಕಲ್ಪಿತ ವ್ಯಕ್ತಿಯಲ್ಲ. ಆಕೆ ತನ್ನ ಬಾಳನ್ನು ಇಂದಿರಾ ಅವರ ತಾಯಿಯೊಡನೆ ಹೇಳಿಕೊಂಡಿದ್ದಳು. ಹಾಗೆ ಕಿವಿಗೆ ಬಿದ್ದ ಕಥೆಯೇ ಮುಂದೆ ಪುಸ್ತಕವಾಯಿತು.

ಸದ್ಭಕ್ತರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅಂಥ ಅಜ್ಜಿಯರು ನಮ್ಮ ಸೀಮೆಯ ಎಷ್ಟೋ ಮನೆಗಳ ಹಿತ್ತಿಲ ಕಡೆಯ ಕತ್ತಲೆ ಕೋಣೆಗಳಲ್ಲಿದ್ದರು. ಅವರು ಬೇಯಿಸಿದ್ದನ್ನು ಉಂಡವರು, ಅವರಿಂದ ಬಾಣಂತನ ಮಾಡಿಸಿಕೊಂಡವರು ಬಹು ಮಂದಿ. ಅವರ ಮನಸ್ಸಿನಲ್ಲಿ ಏನಿದೆಯೆಂದು ಕೇಳಿದವರು ವಿರಳ. ಪುರಾಣಗಳನ್ನು ಭಕ್ತಿಯಿಂದ ಆಲಿಸಿ ಚಂದ್ರಮತಿಯ ಗೋಳಿಗೆ ಕಣ್ಣೀರು ಸುರಿಸಿದವರೇ ಎದ್ದುಹೋಗಿ, ಒಳಗಿದ್ದ ಬಾಲವಿಧವೆಯನ್ನು ಅಪಶಕುನವೆಂದು ದೂರವಿಟ್ಟರು. ಪುರಾಣದ ದೋಷವೆಂದು ನಾನು ಹೇಳುವುದಿಲ್ಲ. ಪುರಾಣವು ಏರಬೇಕಾದ ಎತ್ತರವನ್ನು ತೋರಿಸುತ್ತದೆ. ನಿಂತಿರುವ ನೆಲವನ್ನು ತೋರಿಸುವ ಕಾರ್ಯವು ಬೇರೊಂದು ಪ್ರಕಾರಕ್ಕೆ ಬಿದ್ದಿದೆ. ಹನ್ನೆರಡನೆಯ ಶತಮಾನದಲ್ಲಿ ವಚನವು ಅದನ್ನು ಮಾಡಿತು. ನಮ್ಮ ಕಾಲದಲ್ಲಿ ಒಳ್ಳೆಯ ಕಾದಂಬರಿಯು ಮಾಡುತ್ತಿದೆ. ಅಗಸನ, ಅಂಬಿಗನ ಮಾತನ್ನು ತಲೆಯ ಮೇಲೆ ಹೊತ್ತ ಪರಂಪರೆಯವರು ನಾವು. ಫಣಿಯಮ್ಮನಂಥವರ ಕಥೆಗೆ ಬಾಗಿಲು ಮುಚ್ಚಿದರೆ ನಮ್ಮ ಹಿರಿಯರ ಮಾತಿಗೆ ನಾವೇ ವಿರೋಧವಾಗಿ ನಡೆದಂತಾಗುತ್ತದೆ.

ಹಾಗಾದರೆ ಅಚ್ಚಾದ ಕಾದಂಬರಿಗಳೆಲ್ಲವೂ ಪೂಜ್ಯವೇ ಎಂದು ಕೇಳಬಹುದು. ಅಲ್ಲ. ಕಾಲ ಕಳೆಯುವುದಕ್ಕಾಗಿಯೇ ಬರೆದವು ಹೇರಳವಾಗಿವೆ. ಆದರೆ ಪತ್ತೇದಾರಿ ಕಥೆಯ ಮೇಲಿನ ತರುಣರ ಮೋಹವನ್ನು ಕೂಡ ನಾನು ಪೂರ್ತಿಯಾಗಿ ಹಳಿಯಲಾರೆ. ಮುಂದೇನು ಎಂಬ ಕುತೂಹಲವೇ ಅದರ ಜೀವ. ಅದೇ ಕುತೂಹಲವು ಜೈಮಿನಿಯ ಚಂದ್ರಹಾಸನ ಕಥೆಯಲ್ಲಿಲ್ಲವೆ? ವಿಷವನ್ನು ಕೊಡು ಎಂದು ದುಷ್ಟಬುದ್ಧಿಯು ಬರೆದ ಪತ್ರವು ಒಂದಕ್ಷರದ ತಿದ್ದುಪಾಟಿನಿಂದ ವಿಷಯೆಯನ್ನು ಕೊಡು ಎಂದಾಗುವ ಸಂದರ್ಭವನ್ನು ಉಸಿರು ಬಿಗಿಹಿಡಿಯದೆ ಕೇಳಿದವರುಂಟೆ? ಕುತೂಹಲವು ಮೆಟ್ಟಿಲು, ಮೆಟ್ಟಿಲ ಮೇಲೆಯೇ ಮನೆ ಮಾಡಬಾರದು, ಮೆಟ್ಟಿಲನ್ನು ಕಿತ್ತುಹಾಕಲೂ ಬಾರದು. ಗ್ರಂಥವನ್ನು ಆರಿಸುವಾಗ ಒಂದೇ ಪ್ರಶ್ನೆಯನ್ನು ಕೇಳೋಣ: ಇದನ್ನು ಓದಿ ಮುಗಿಸಿದವನು ಮತ್ತೊಬ್ಬರ ನೋವನ್ನು ಮೊದಲಿಗಿಂತ ಸ್ವಲ್ಪ ಹೆಚ್ಚಾಗಿ ತಿಳಿಯುವನೋ ಇಲ್ಲವೋ? ತಿಳಿಯುವನಾದರೆ ಆ ಗ್ರಂಥವು ಒಳಗೆ ಬರಲಿ.

ತರುಣರಿಗೂ ಒಂದು ಮಾತು. ಕಾದಂಬರಿಯನ್ನು ಒಬ್ಬನೇ ಓದಬಹುದು. ಅದರ ಸುಖವೂ ಏಕಾಂತದ್ದೇ. ಷಟ್ಪದಿಗೂ ತಾಳಮದ್ದಲೆಗೂ ಹತ್ತು ಮಂದಿ ಬೇಕು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಕೈ ಕೆಲಸದಲ್ಲಿಯೂ ಕಿವಿ ಕಥೆಯಲ್ಲಿಯೂ ಇದ್ದ ಕಾಲವೊಂದಿತ್ತು. ಈಗ ಸುಲಿಯುವ ಯಂತ್ರಗಳು ಬಂದಿವೆ. ಜಗಲಿಯ ಮೇಲೆ ನಾಲ್ವರು ಕುಳಿತರೆ ನಾಲ್ವರ ಕೈಯಲ್ಲಿಯೂ ಮೊಬೈಲುಗಳಿವೆ. ಕಾವ್ಯದ ಪುಸ್ತಕವನ್ನು ಮತ್ತೆ ಅಚ್ಚುಹಾಕಿಸಬಹುದು. ಅದನ್ನು ರಾಗವಾಗಿ ಓದಬಲ್ಲ ಕಂಠವು ನಿಂತುಹೋದರೆ ಯಾವ ಮುದ್ರಣಾಲಯವೂ ತಂದುಕೊಡಲಾರದು. ಗಮಕವನ್ನು ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಅವರ ಬಳಿ ಕುಳಿತು ಕಲಿಯಬೇಕು.

ಆದುದರಿಂದ ನನ್ನ ಅರಿಕೆ ಎರಡು. ಒಂದು, ಭಂಡಾರದಲ್ಲಿ ಬಸವಪುರಾಣ, ಪ್ರಭುಲಿಂಗಲೀಲೆ, ವಚನಸಂಪುಟಗಳ ಜೊತೆಯಲ್ಲಿ ನಮ್ಮ ಸೀಮೆಯ ಲೇಖಕರ ಆಯ್ದ ಕಾದಂಬರಿಗಳಿಗೂ ಒಂದು ಕಪಾಟು ಮೀಸಲಾಗಲಿ; ಹೆಣ್ಣುಮಕ್ಕಳು ಅವುಗಳನ್ನು ಮನೆಗೆ ಒಯ್ಯಲು ಅನುಕೂಲವಿರಲಿ. ಎರಡು, ಮಳೆಗಾಲದ ಸೋಮವಾರಗಳಲ್ಲಿ ಸಂಜೆಯ ಪೂಜೆಯಾದ ಬಳಿಕ ಒಂದು ಸಂಧಿಯ ಗಮಕವಾಚನವೂ ವ್ಯಾಖ್ಯಾನವೂ ನಡೆಯಲಿ. ಓದುವವರು ತರುಣರಾಗಿರಲಿ, ತಿದ್ದುವವರು ಹಿರಿಯರಾಗಿರಲಿ. ಕಪಾಟಿಗೆ ಹಿರಿಯರು ಸಮ್ಮತಿಸಬೇಕು, ವಾಚನಕ್ಕೆ ತರುಣರು ಬರಬೇಕು. ಒಂದು ಮಾತ್ರ ನಡೆದು ಮತ್ತೊಂದು ನಿಂತರೆ ಭಂಡಾರವು ಅರ್ಧ ಮಂದಿಯದೇ ಆಗಿ ಉಳಿಯುವುದು.

ತುಂಗೆಯ ದಂಡೆಯ ಶೃಂಗೇರಿಯಲ್ಲಿ ವಿದ್ಯಾಧಿದೇವತೆಯಾದ ಶಾರದೆಯು ನೆಲೆಸಿದ್ದಾಳೆ. ಭದ್ರೆಯ ದಂಡೆಯ ಬಾಳೆಹೊನ್ನೂರಿನಲ್ಲಿ ರಂಭಾಪುರಿ ಪೀಠವಿದೆ. ಎರಡು ನದಿಗಳೂ ಕೂಡಲಿಯಲ್ಲಿ ಸೇರುವಂತೆ ಹಳೆಯ ವಾಣಿಯೂ ಹೊಸ ವಾಣಿಯೂ ಈ ನೆಲದಲ್ಲಿ ಕೂಡಿ ಹರಿಯಲೆಂದು ಗುರುಚರಣಗಳಲ್ಲಿ ಪ್ರಾರ್ಥಿಸುತ್ತೇನೆ.

ಶಿವಾರ್ಪಣಮಸ್ತು.